ಗ್ರಂಥಪ್ರಾಮಾಣ್ಯ, ಕಾಲಜ್ಞಾನ ಮತ್ತು ಸಭಾಸ್ಥಾಪನೆ: ಬಾಸೆಲ್ ಮಿಷನ್ನಿನ ಕನ್ನಡ ಅನುಭವದ ಒಂದು ಓದು

ಹೊಸ ಧರ್ಮವೊಂದು ಒಂದು ನಾಡಿಗೆ ಬಂದು ನೆಲೆಯೂರುವಾಗ ತನ್ನ ಮಾತನ್ನು ಯಾವುದರ ಬಲದಿಂದ ಆಡುತ್ತದೆ ಎಂಬುದು ಧರ್ಮಶಾಸ್ತ್ರಕ್ಕೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಆ ಬಲ ಅನೇಕ ಸಲ ಒಂದು ಪಠ್ಯದ ಬಲವಾಗಿರುವುದರಿಂದ ಸಾಹಿತ್ಯದ ವಿದ್ಯಾರ್ಥಿಯೂ ಅದನ್ನು ಕೇಳಿಕೊಳ್ಳಬೇಕಾಗುತ್ತದೆ. ಕನ್ನಡದಲ್ಲಿ ಮಿಷನರಿಗಳ ಕುರಿತ ಬರವಣಿಗೆ ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಸಾಗಿದೆ. ಒಂದು, ನಿಘಂಟು, ವ್ಯಾಕರಣ, ಮುದ್ರಣ, ಪತ್ರಿಕೆಗಳನ್ನು ಎಣಿಸಿ ಅವರ 'ಕನ್ನಡ ಸೇವೆ'ಯನ್ನು ಕೊಂಡಾಡುವ ದಾರಿ. ಇನ್ನೊಂದು, ಇವೆಲ್ಲವೂ ಮತಾಂತರದ ಸಾಧನಗಳಷ್ಟೇ ಎಂದು ತಳ್ಳಿಹಾಕುವ ದಾರಿ. ಶ್ರೀನಿವಾಸ ಹಾವನೂರರ 'ಹೊಸಗನ್ನಡದ ಅರುಣೋದಯ' (1974) ಕೃತಿಯ ನಂತರ ಮೊದಲನೆಯ ದಾರಿಗೆ ಬೇಕಾದ ಸಾಮಗ್ರಿ ಹೇರಳವಾಗಿ ದೊರೆತಿದೆ. ಆದರೆ ಎರಡೂ ದಾರಿಗಳು ಒಂದು ವಿಷಯದಲ್ಲಿ ಒಂದೇ: ಸೇವೆಯನ್ನೂ ಸಭೆಯನ್ನೂ ಅವು ಬೇರೆಬೇರೆ ಮಾಡಿ ನೋಡುತ್ತವೆ. ಸಭೆಯನ್ನು ಸ್ಥಾಪಿಸಲು ಹೊರಟವರು ಒಂದು ಗ್ರಂಥದ ಪ್ರಾಮಾಣ್ಯವನ್ನು ನೆಚ್ಚಿಕೊಂಡದ್ದರಿಂದಲೇ ಕನ್ನಡದ ಗ್ರಂಥಗಳತ್ತ ತಿರುಗಬೇಕಾಯಿತು ಎಂಬುದನ್ನು ಈ ಲೇಖನದಲ್ಲಿ ತೋರಿಸಲು ಪ್ರಯತ್ನಿಸಲಾಗಿದೆ. ಆ ಗ್ರಂಥ ಒಂಟಿಯಾಗಿ ನಿಲ್ಲಲಾರದೆ ಹೋದದ್ದೇ ಇದಕ್ಕೆ ಕಾರಣ.

ಇಲ್ಲಿ ಬಳಸಿರುವ 'ಸಭೆ' ಎಂಬುದು ಕಟ್ಟಡವಲ್ಲ. ದೀಕ್ಷಾಸ್ನಾನ ಪಡೆದವರ ಸಮುದಾಯ. 'ಸಭಾಸ್ಥಾಪನೆ' ಎಂದರೆ ಒಂದು ಊರಿನಲ್ಲಿ ಅಂಥ ಸಮುದಾಯವನ್ನು ಕೂಡಿಸಿ, ಅದು ಕಾಲಕ್ರಮದಲ್ಲಿ ತನ್ನ ಉಪದೇಶಿಗಳಿಂದ, ಹಿರಿಯರಿಂದ ತಾನೇ ನಡೆದುಕೊಂಡು ಹೋಗುವಂತೆ ಮಾಡುವ ಕೆಲಸ. 'ಪ್ರಾಮಾಣ್ಯ'ವೆಂಬ ಮಾತನ್ನು ನಮ್ಮ ದರ್ಶನಗಳು ಬಳಸುವ ಅರ್ಥದಲ್ಲಿಯೇ ಇಟ್ಟುಕೊಂಡಿದ್ದೇನೆ. ಪ್ರತ್ಯಕ್ಷ, ಅನುಮಾನಗಳಂತೆ ಶಬ್ದವೂ ಒಂದು ಪ್ರಮಾಣ. ಯಾವ ಶಬ್ದ, ಯಾರ ಶಬ್ದ ಎಂಬುದರಲ್ಲಿಯೇ ಜಗಳವಿರುವುದು.

ಈ ಜಗಳ ನಮ್ಮ ಸೀಮೆಗೆ ಹೊಸದಲ್ಲ. ಆನವಟ್ಟಿಗೆ ಅಂಟಿಕೊಂಡಂತಿರುವ ಕುಬಟೂರಿನ, ಅಂದರೆ ಶಾಸನಗಳ ಕುಪ್ಪಟೂರಿನ, ಉದಾಹರಣೆಯನ್ನು ನೋಡಬಹುದು. ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ 1077ರಲ್ಲಿ ಇಲ್ಲಿ ಪಾರ್ಶ್ವನಾಥನ ಚೈತ್ಯಾಲಯವನ್ನು ಪ್ರತಿಷ್ಠೆ ಮಾಡಿಸಿದಾಗ, ಅಗ್ರಹಾರದ ಬ್ರಾಹ್ಮಣರು ಅದಕ್ಕೆ ಒಪ್ಪಿ 'ಬ್ರಹ್ಮಜಿನಾಲಯ'ವೆಂಬ ಹೆಸರನ್ನು ಕೊಟ್ಟರೆಂದು ಶಾಸನ ತಿಳಿಸುತ್ತದೆ. ವೈದಿಕರ ಅಗ್ರಹಾರದಲ್ಲಿ ಜೈನರ ಆಲಯ ನೆಲೆಗೊಳ್ಳಲು ಬೇಕಾದದ್ದು ಜಿನಾಗಮ ದೊಡ್ಡದೋ ವೇದ ದೊಡ್ಡದೋ ಎಂಬ ತೀರ್ಮಾನವಲ್ಲ. ರಾಣಿಯ ಆಶ್ರಯ, ಭೂಮಿಯ ದತ್ತಿ, ಊರಿನ ಮಹಾಜನರ ಒಪ್ಪಿಗೆ, ಈ ಮೂರನ್ನೂ ಕಲ್ಲಿನ ಮೇಲೆ ಬರೆದಿಟ್ಟರೆ ಸ್ಥಾಪನೆ ಮುಗಿಯಿತು. ಅಲ್ಲಿ ಬರಹದ ಕೆಲಸ ಮನವೊಲಿಸುವುದಲ್ಲ, ಆಗಿಹೋದ ಒಪ್ಪಂದವನ್ನು ಕಾಯುವುದು.

ಇಲ್ಲಿಂದ ಹೆಚ್ಚು ದೂರವಿಲ್ಲದ ಅಬ್ಬಲೂರಿನ ಶಾಸನ ಹೇಳುವ ಏಕಾಂತದ ರಾಮಯ್ಯನ ಕಥೆ ಇನ್ನೊಂದು ಬಗೆಯದು. ಜೈನರು ಓಲೆ ಬರೆದುಕೊಟ್ಟ ಪಂಥದಲ್ಲಿ ರಾಮಯ್ಯ ತಲೆಯನ್ನರಿದುಕೊಂಡು ಮರಳಿ ಪಡೆಯುತ್ತಾನೆ. ಕೊನೆಗೆ ಬಿಜ್ಜಳ ಅವನಿಗೆ ಜಯಪತ್ರವನ್ನು ಕೊಡುತ್ತಾನೆ. ಇಲ್ಲಿ ಪ್ರಮಾಣವಾದದ್ದು ಪವಾಡ. ಓಲೆ ಪವಾಡಕ್ಕೆ ಕರಾರು, ಜಯಪತ್ರ ಅದಕ್ಕೆ ಸಾಕ್ಷಿ. ಎರಡೂ ಪವಾಡದ ಅಕ್ಕಪಕ್ಕದಲ್ಲಿ ನಿಲ್ಲುವ ಬರಹಗಳೇ ಹೊರತು ಅವುಗಳಿಂದ ಪವಾಡ ಹುಟ್ಟುವುದಿಲ್ಲ. ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯ ಕೋಡಿಯಮಠವಂತೂ ಗ್ರಂಥಗಳ ಜಾತ್ರೆಯೇ ಸರಿ. ಅಲ್ಲಿ ವೇದಗಳು, ವ್ಯಾಕರಣಗಳು, ದರ್ಶನಗಳು, ಲಾಕುಳ ಸಿದ್ಧಾಂತ, ಪುರಾಣಗಳೆಲ್ಲವೂ ವ್ಯಾಖ್ಯಾನಗೊಳ್ಳುತ್ತಿದ್ದವೆಂದು 1162ರ ಶಾಸನ ಹೇಳುತ್ತದೆ. ಕಾಳಾಮುಖರ ಮಠದಲ್ಲಿ ಇಷ್ಟೆಲ್ಲವೂ ಒಟ್ಟಿಗಿದ್ದವು ಎಂದರೆ ಯಾವ ಒಂದು ಗ್ರಂಥವೂ ಉಳಿದವುಗಳ ಬಾಯಿ ಮುಚ್ಚಿಸುವ ಹಕ್ಕನ್ನು ಪಡೆದಿರಲಿಲ್ಲ ಎಂದೇ ಅರ್ಥ. ಅದೇ ಬಳ್ಳಿಗಾವೆಯ ಅಲ್ಲಮ ಮತ್ತು ಅವನ ಜೊತೆಯ ವಚನಕಾರರು ಓದಿನ ಪ್ರಾಮಾಣ್ಯವನ್ನೇ ಪ್ರಶ್ನಿಸಿ ಅನುಭಾವದ ಮಾತನ್ನು ಮುಂದಿಟ್ಟರು. ಕಲ್ಲು, ಪವಾಡ, ಮಠ, ಅನುಭಾವ ಇವೆಲ್ಲವೂ ಧರ್ಮಕ್ಕೆ ಪ್ರಮಾಣಗಳಾಗಿ ಬಳಕೆಯಲ್ಲಿದ್ದ ನಾಡಿಗೆ ಅಚ್ಚಾದ ಒಂದು ಪುಸ್ತಕವೇ ಸಕಲಕ್ಕೂ ಪ್ರಮಾಣವೆಂಬ ವಾದವನ್ನು ಹತ್ತೊಂಬತ್ತನೆಯ ಶತಮಾನದ ಪ್ರೊಟೆಸ್ಟಂಟ್ ಮಿಷನ್ನುಗಳು ತಂದವು.

ಕ್ರೈಸ್ತಧರ್ಮವೆಲ್ಲವೂ ಈ ವಾದವನ್ನು ಹಿಡಿದು ಬಂದದ್ದಲ್ಲ ಎಂಬುದನ್ನು ಗಮನಿಸಬೇಕು. ಹದಿನೇಳನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನನ್ನು ಆರಂಭಿಸಿದ ಜೆಸ್ಯುಯಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಕನ್ನಡದಲ್ಲಿ ಧರ್ಮೋಪದೇಶದ ಪುಸ್ತಕವನ್ನು, ಕನ್ನಡಕ್ಕೊಂದು ವ್ಯಾಕರಣವನ್ನು ರಚಿಸಿದರು. ಇಡೀ ಬೈಬಲನ್ನು ಕನ್ನಡಿಸುವುದು ಸಭೆ ಕಟ್ಟಲು ಅನಿವಾರ್ಯವೆಂದು ಆ ಪರಂಪರೆಗೆ ತೋರಲಿಲ್ಲ. ಕೆಥೊಲಿಕರಿಗೆ ಗ್ರಂಥದೊಡನೆ ಪರಂಪರೆ, ಗುರುಪೀಠ, ಸಂಸ್ಕಾರಗಳೂ ಪ್ರಮಾಣ. ಹದಿನಾರನೆಯ ಶತಮಾನದಲ್ಲಿ ಲೂಥರ್ ಮುರಿದದ್ದು ಈ ಜೋಡಣೆಯನ್ನೇ. ನಂಬಿಕೆಯ ವಿಷಯದಲ್ಲಿ ಗ್ರಂಥವೊಂದೇ ಪ್ರಮಾಣವೆಂದ ಮೇಲೆ ಪ್ರತಿಯೊಬ್ಬನ ಕೈಗೂ ಅವನ ಭಾಷೆಯಲ್ಲಿಯೇ ಆ ಗ್ರಂಥ ಸಿಗಬೇಕಾಗುತ್ತದೆ. ಅನುವಾದ, ಶಾಲೆ, ಮುದ್ರಣಾಲಯಗಳು ಆ ತತ್ತ್ವದೊಡನೆಯೇ ಬರಬೇಕಾದವು.

1804ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಬೈಬಲ್ ಸೊಸೈಟಿ ಈ ತತ್ತ್ವವನ್ನು ಅದರ ಕೊನೆಯ ತುದಿಗೆ ಒಯ್ದಿತು. ಅದು ಹಂಚುವ ಬೈಬಲ್ಲುಗಳಲ್ಲಿ ಯಾವ ಟಿಪ್ಪಣಿಯೂ ವ್ಯಾಖ್ಯಾನವೂ ಇರಕೂಡದೆಂಬುದು ಅದರ ಮೂಲನಿಯಮ. ಬೇರೆಬೇರೆ ಪ್ರೊಟೆಸ್ಟಂಟ್ ಪಂಗಡಗಳು ಒಟ್ಟಿಗೆ ಕೆಲಸ ಮಾಡಲು ಈ ನಿಯಮ ಅನುಕೂಲವಾಗಿತ್ತು. ಗ್ರಂಥ ತಾನೇ ತನ್ನ ಅರ್ಥವನ್ನು ಬಿಟ್ಟುಕೊಡುತ್ತದೆಂಬ ಭರವಸೆಯೂ ಅದರ ಹಿಂದಿತ್ತು. ಕನ್ನಡನಾಡಿನ ಓದುವ ರೂಢಿಗೆ ಇದಕ್ಕಿಂತ ವಿರುದ್ಧವಾದದ್ದು ಇನ್ನೊಂದಿರಲಾರದು. ಇಲ್ಲಿ ಟೀಕಿಲ್ಲದ ಗ್ರಂಥವೇ ಅಪರೂಪ. ವಚನಗಳಿಗೆ ಟೀಕೆಗಳು ಬಂದವು. ಅವನ್ನು ಸಂವಾದದ ಚೌಕಟ್ಟಿನಲ್ಲಿ ಇರಿಸಿ ಅರ್ಥ ಕಟ್ಟುವ ಶೂನ್ಯಸಂಪಾದನೆಗಳು ಬಂದವು. ಕುಮಾರವ್ಯಾಸನನ್ನು ಊರವರು ಓದುತ್ತಿದ್ದುದಕ್ಕಿಂತ ಕೇಳುತ್ತಿದ್ದುದೇ ಹೆಚ್ಚು. ಒಬ್ಬರು ವಾಚಿಸಿದರೆ ಇನ್ನೊಬ್ಬರು ಅರ್ಥ ಹೇಳಬೇಕು. ಅರ್ಥ ಹೇಳುವವನಿಲ್ಲದ ಪುಸ್ತಕ ನಮ್ಮ ಜನಕ್ಕೆ ಪೂಜೆಯ ವಸ್ತುವಾಗಬಹುದಿತ್ತು, ಪ್ರಮಾಣವಾಗುವುದು ಕಷ್ಟವಿತ್ತು.

ಹಾಗಿದ್ದರೂ ಪುಸ್ತಕ ಮೊದಲು ಬರಲೇಬೇಕಿತ್ತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಅನುವಾದಕ್ಕೆ ಕೈಹಾಕಿದರು. 1820ರ ದಶಕದಲ್ಲಿ ಹೊಸ ಒಡಂಬಡಿಕೆಯೂ 1830ರ ದಶಕದ ಆರಂಭದ ಹೊತ್ತಿಗೆ ಸಂಪೂರ್ಣ ಬೈಬಲೂ ಕನ್ನಡದಲ್ಲಿ ಅಚ್ಚಾದವು. ಅವರ ಸಹೋದ್ಯೋಗಿ ವಿಲಿಯಂ ರೀವ್ ಅವರ ನಿಘಂಟುಗಳು ಇದೇ ಕಾಲದವು. ಆದರೆ ಪುಸ್ತಕ ಮುಗಿದ ಕೆಲವೇ ವರ್ಷಗಳಲ್ಲಿ ಅದರ ಕನ್ನಡ ಸಾಲದೆಂಬ ಅಭಿಪ್ರಾಯ ಮಿಷನರಿಗಳಲ್ಲಿಯೇ ಬಲವಾಯಿತು. ಬಾಸೆಲ್, ಲಂಡನ್, ವೆಸ್ಲಿಯನ್ ಮಿಷನ್ನುಗಳವರು ಸೇರಿ ಪರಿಷ್ಕರಣಕ್ಕೆ ತೊಡಗಿದರು. ಬಾಸೆಲ್ ಕಡೆಯಿಂದ ಈ ಕೆಲಸದಲ್ಲಿ ಹೆಚ್ಚು ದುಡಿದವರು ಗಾಟ್‌ಫ್ರೀಡ್ ವೈಗ್ಲೆ. 1855ರಲ್ಲಿ ಅವರು ತೀರಿಕೊಂಡಾಗ ಕೆಲಸ ಮುಗಿದಿರಲಿಲ್ಲ. ಪರಿಷ್ಕೃತ ಬೈಬಲ್ ಹೊರಬಂದದ್ದು 1860ರ ದಶಕದಲ್ಲಿ. ಈ ಪರಿಷ್ಕರಣದಲ್ಲಿ ಭಾಗಿಯಾದ ಬೆಂಗಳೂರಿನ ಬೆಂಜಮಿನ್ ರೈಸರ ಮಗನೇ ಬಿ. ಎಲ್. ರೈಸ್. ಸೊರಬದ ಶಾಸನಗಳೂ ಶಿಕಾರಿಪುರದ ಶಾಸನಗಳೂ ನಮಗೆ ದೊರೆತಿರುವುದು ಅವರ 'ಎಪಿಗ್ರಾಫಿಯ ಕರ್ನಾಟಿಕ'ದ ಏಳು ಮತ್ತು ಎಂಟನೆಯ ಸಂಪುಟಗಳ ಮೂಲಕ. ಮೇಲೆ ಹೇಳಿದ ಕುಪ್ಪಟೂರು, ಬಳ್ಳಿಗಾವೆಗಳ ಕಲ್ಲುಗಳನ್ನು ಓದಿಸಿದವನ ಮನೆಯಲ್ಲಿ ಮೊದಲು ನಡೆಯುತ್ತಿದ್ದದ್ದು ಬೈಬಲಿನ ಕನ್ನಡ ಪಾಠದ ತಿದ್ದುಪಡಿ ಎಂಬುದು ಬರಿಯ ಕಾಕತಾಳೀಯವೆನ್ನಿಸುವುದಿಲ್ಲ.

ತಿದ್ದುತ್ತಿರುವ ಪುಸ್ತಕ ಪ್ರಮಾಣವಾಗುವುದು ಹೇಗೆ? ಮಿಷನರಿಗಳಿಗೆ ಇದು ದೊಡ್ಡ ತೊಡಕಾಗಿರಲಿಲ್ಲ. ಅವರ ಪ್ರಮಾಣ ಹೀಬ್ರೂ ಮತ್ತು ಗ್ರೀಕ್ ಮೂಲದಲ್ಲಿತ್ತು, ಕನ್ನಡ ಅದರ ಹೊದಿಕೆ. ಆದರೆ ಧಾರವಾಡದ ಒಬ್ಬ ನೇಕಾರನಿಗೋ ಮಂಗಳೂರಿನ ಒಬ್ಬ ಬಿಲ್ಲವನಿಗೋ ಹೊದಿಕೆಯೇ ಮೈ. ಕನ್ನಡ ಪದಗಳು ತಂದ ಅರ್ಥವೇ ಅವನ ಮಟ್ಟಿಗೆ ದೇವರ ವಾಕ್ಯದ ಅರ್ಥ. ಆ ಪದಗಳಾದರೋ ಇಲ್ಲಿಯ ಬೇರೆ ಧರ್ಮಗಳ ಮನೆಯಿಂದ ಬಂದವು. ಬೈಬಲಿಗೆ ನಿಂತ ಹೆಸರು 'ಸತ್ಯವೇದ'. ಈ ಹೆಸರು ಇರುವ ವೇದವನ್ನು ಸುಳ್ಳೆಂದು ಸೂಚಿಸುತ್ತಲೇ ವೇದವೆಂಬ ಮಾತಿನ ಗೌರವವನ್ನು ಎರವಲು ಪಡೆಯುತ್ತದೆ. ಕರಾವಳಿಯ ಬ್ರಾಹ್ಮಣರ ಎದುರಿನಲ್ಲಿ ಈ ಎರವಲಿಗೆ ಬೆಲೆಯಿತ್ತು. ಉತ್ತರ ಕರ್ನಾಟಕದ ಲಿಂಗಾಯತರ ಎದುರಿನಲ್ಲಿ ಅದರ ಬೆಲೆ ಏನು? ವೇದವನ್ನೇ ಕೊನೆಯ ಪ್ರಮಾಣವೆಂದು ಒಪ್ಪದ ವಚನಗಳನ್ನು ಕೇಳಿ ಬೆಳೆದವರಿಗೆ ಇನ್ನೊಂದು ವೇದ ಬಂದಿದೆಯೆಂದು ಹೇಳುವುದು ಅಷ್ಟೇನೂ ಆಕರ್ಷಕವಾದ ಆಹ್ವಾನವಲ್ಲ. 'ದೀಕ್ಷಾಸ್ನಾನ'ವೆಂಬ ಪದದ ಕಥೆಯೂ ಇಂಥದೇ. ದೀಕ್ಷೆಯೆಂದೊಡನೆ ಗುರು ಬೇಕು. ಗುರುವಿಲ್ಲದ ದೀಕ್ಷೆಯನ್ನು ಇಲ್ಲಿ ಯಾರೂ ಕೇಳಿಲ್ಲ. 'ಒಡಂಬಡಿಕೆ' ವ್ಯವಹಾರದ ಮಾತು, 'ಸಭೆ' ಊರಿನ ಮಾತು. ಇವೆಲ್ಲವನ್ನೂ ಅನುವಾದದ ಸೋಲುಗಳೆಂದು ಪಟ್ಟಿಮಾಡುವುದು ಸುಲಭ. ನನಗೆ ಹಾಗೆ ತೋರುವುದಿಲ್ಲ. ಹೊಸ ಗ್ರಂಥಕ್ಕೆ ಕನ್ನಡದಲ್ಲಿ ಬಾಯಿ ಬರಬೇಕಾದರೆ ಹಳೆಯ ಪ್ರಮಾಣಗಳ ನಾಲಗೆಯನ್ನೇ ಅದು ಬಳಸಬೇಕಿತ್ತು.

ಈಗ ಬಾಸೆಲ್ ಮಿಷನ್ನಿನ ಮುಖ್ಯ ಪ್ರಸಂಗಕ್ಕೆ ಬರಬಹುದು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಗೆ ಜನರು ಬಹುಪಾಲು ಬಂದದ್ದು ನೆರೆಯ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯಿಂದ. ಕಂಪನಿಯ ಸನ್ನದು 1833ರಲ್ಲಿ ನವೀಕರಣಗೊಂಡು ಬ್ರಿಟಿಷರಲ್ಲದ ಮಿಷನರಿಗಳಿಗೂ ದಾರಿ ತೆರೆದ ಮೇಲೆ, 1834ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಮತ್ತು ಮಲಸಮುದ್ರ, 1851ರಲ್ಲಿ ಗುಳೇದಗುಡ್ಡ ಹೀಗೆ ಘಟ್ಟದ ಮೇಲಿನ ಠಾಣ್ಯಗಳು ಬೆಳೆದವು. ಆನವಟ್ಟಿ ಆಗ ಮೈಸೂರು ಸೀಮೆಯ ಅಂಚಿನಲ್ಲಿತ್ತು. ಪಕ್ಕದ ಹಾನಗಲ್ಲು ಮುಂಬಯಿ ಆಧಿಪತ್ಯಕ್ಕೆ ಸೇರಿದ ಧಾರವಾಡ ಜಿಲ್ಲೆಯಲ್ಲಿತ್ತು. ಜರ್ಮನ್ ಪಾದ್ರಿಗಳ ಕಾರ್ಯಕ್ಷೇತ್ರ ಆ ಗಡಿಯ ಆಚೆಗೆ.

ಹುಬ್ಬಳ್ಳಿ-ಧಾರವಾಡ ಭಾಗದಲ್ಲಿ 1839-40ರ ಸುಮಾರಿಗೆ ಮಿಷನರಿಗಳು ಎದುರುನೋಡದ ಒಂದು ಘಟನೆ ನಡೆಯಿತು. ಲಿಂಗಾಯತರ ನಡುವೆ ಇದ್ದ, ಮಿಷನ್ನಿನ ವರದಿಗಳಲ್ಲಿ 'ಕಾಲಜ್ಞಾನಿಗಳು' ಎಂದು ಕರೆಯಲಾಗಿರುವ ಒಂದು ಪಂಥದವರು ತಾವಾಗಿಯೇ ಮಿಷನರಿಗಳನ್ನು ಹುಡುಕಿಕೊಂಡು ಬಂದರು. ಹೊರನಾಡಿನಿಂದ ಬರುವವರ ಬೋಧನೆಯ ವಿಷಯ ತಮ್ಮ ಪುಸ್ತಕಗಳಲ್ಲಿ ಮೊದಲೇ ಹೇಳಿದೆಯೆಂಬುದು ಅವರ ಮಾತು. ಕನ್ನಡದ ಕಾಲಜ್ಞಾನ ಸಾಹಿತ್ಯವನ್ನು ಬಲ್ಲವರಿಗೆ ಇದು ಅಚ್ಚರಿಯಲ್ಲ. ಬಸವಾದಿ ಶರಣರ ಹೆಸರಿನಲ್ಲಿ ಪ್ರಚಲಿತವಾದ ಕಾಲಜ್ಞಾನ ವಚನಗಳಲ್ಲಿ ಮುಂದೆ ಬರಲಿರುವ ವೀರವಸಂತರಾಯ ಕಲ್ಯಾಣವನ್ನು ಮತ್ತೆ ಕಟ್ಟುವನೆಂಬ ನಿರೀಕ್ಷೆಯಿದೆ. ಕೊಡೇಕಲ್ಲ ಬಸವಣ್ಣನ ಪರಂಪರೆಯಲ್ಲಿ ಹಿಂದೂ-ಮುಸ್ಲಿಂ ಕುರುಹುಗಳೆರಡನ್ನೂ ಒಳಗೊಂಡ ಕಾಲಜ್ಞಾನ ಬೆಳೆದಿದೆ. ರಾಜ್ಯಗಳು ಬೀಳುವ ಕಾಲದಲ್ಲಿ, ಹೊಸ ಆಳರಸರು ಬರುವ ಕಾಲದಲ್ಲಿ ಈ ಓಲೆಗಳನ್ನು ಬಿಚ್ಚಿ ಓದುವುದು ಹೆಚ್ಚಾಗುತ್ತದೆ. ಪೇಶ್ವೆಗಳ ಆಳ್ವಿಕೆ 1818ರಲ್ಲಿ ಮುಗಿದು, 1824ರಲ್ಲಿ ಕಿತ್ತೂರು ಯುದ್ಧ ಕಂಡು, ತಲೆಮಾರಿನೊಳಗೆ ಎಲ್ಲವೂ ತಲೆಕೆಳಗಾಗಿದ್ದ ಧಾರವಾಡ ಸೀಮೆಯಲ್ಲಿ ಬಿಳಿಯ ಮುಖದ ಬೋಧಕರನ್ನು ಕಂಡವರು ಕಾಲಜ್ಞಾನದಲ್ಲಿ ಅವರಿಗೊಂದು ಸಾಲನ್ನು ಹುಡುಕಿದ್ದು ಸಹಜವೇ.

ಮಿಷನರಿಗಳ ಉತ್ಸಾಹ ಹೇಳತೀರದು. ಒಬ್ಬೊಬ್ಬರನ್ನೇ ಒಲಿಸುವುದು ಕಷ್ಟವಾಗಿದ್ದಾಗ ಊರೂರೇ ಬರುವ ಸಂಭವ ಕಂಡಿತ್ತು. ಹೆರ್ಮನ್ ಮೋಗ್ಲಿಂಗ್ ಅವರೂ ಇವರ ಮೇಲೆ ಬಹಳ ಆಶೆಯಿಟ್ಟಿದ್ದರು. ಕ್ರೈಸ್ತರಾಗುವವರು ಜಾತಿಯವರಿಂದ ಹೊರಬಿದ್ದರೆ ನೆಲೆ ಬೇಕೆಂದು ಗದುಗಿನ ಬಳಿಯ ಮಲಸಮುದ್ರದಲ್ಲಿ ಬೇಸಾಯದ ವಸಾಹತನ್ನು ತೆರೆಯಲಾಯಿತು. ಆದರೆ ನಿರೀಕ್ಷಿಸಿದಂತೆ ಗುಂಪುಗುಂಪಾಗಿ ದೀಕ್ಷಾಸ್ನಾನ ನಡೆಯಲಿಲ್ಲ. ಬಂದವರು ಬಂದಂತೆಯೇ ಹಿಂದೆ ಸರಿದರು. ಇದನ್ನು ಜಾತಿಯ ಭಯಕ್ಕೋ ಲೌಕಿಕ ಲಾಭದ ಆಸೆಗೋ ಹಚ್ಚಿ ಕೈತೊಳೆದುಕೊಳ್ಳುವುದು ಮಿಷನ್ನಿನ ವರದಿಗಳ ಧಾಟಿಗೆ ಹೊಂದುತ್ತದೆ. ಅದರಲ್ಲಿ ನಿಜವೂ ಇರಬಹುದು. ಆದರೆ ನನ್ನ ದೃಷ್ಟಿಯಲ್ಲಿ ತೊಡಕಿದ್ದದ್ದು ಪ್ರಾಮಾಣ್ಯದಲ್ಲಿಯೇ. ಕಾಲಜ್ಞಾನಿಗಳು ಬೈಬಲನ್ನು ಒಪ್ಪಿದ್ದು ತಮ್ಮ ಓಲೆ ಅದನ್ನು ಹೇಳಿತ್ತೆಂಬ ಕಾರಣಕ್ಕೆ. ಅಂದರೆ ಓಲೆ ಪ್ರಮಾಣ, ಬೈಬಲ್ ಅದರಿಂದ ಸಿದ್ಧವಾದ ವಿಷಯ. ಮಿಷನರಿಗಳಿಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ. ಬೈಬಲ್ ಪ್ರಮಾಣವಾಗಬೇಕು, ಓಲೆ ಬಿದ್ದುಹೋಗಬೇಕು. ಹತ್ತುವುದಕ್ಕೆ ಬಂದ ಏಣಿಯನ್ನು ಹತ್ತಿದೊಡನೆ ಒದೆಯಬೇಕೆಂದು ಹೇಳಿದಂತೆ. ಓಲೆಯನ್ನು ಬಿಟ್ಟ ಮೇಲೆ ಬೈಬಲನ್ನು ಒಪ್ಪಲು ಅವರಿಗಿದ್ದ ಕಾರಣವೇ ಉಳಿಯುವುದಿಲ್ಲ.

ಇದಕ್ಕಿಂತ ಕುತೂಹಲಕರವಾದ ಸಂಗತಿ ಜರ್ಮನಿಯ ಕಡೆಗಿದೆ. ಮೋಗ್ಲಿಂಗ್ ಹುಟ್ಟಿ ಬೆಳೆದ ವ್ಯೂರ್ಟೆಂಬರ್ಗಿನ ಭಕ್ತಿಪಂಥಕ್ಕೆ ದೊಡ್ಡ ಗುರುವೆನಿಸಿದವರು ಯೊಹಾನ್ ಆಲ್‌ಬ್ರೆಖ್ಟ್ ಬೆಂಗೆಲ್ (1687-1752). ಗ್ರೀಕ್ ಹೊಸ ಒಡಂಬಡಿಕೆಯನ್ನು ಪಾಠಾಂತರಗಳೊಡನೆ 1734ರಲ್ಲಿ ಸಂಪಾದಿಸಿ ಪ್ರಕಟಿಸಿದ ಇವರನ್ನು ಯುರೋಪಿನ ಗ್ರಂಥಸಂಪಾದನೆಯ ಆದ್ಯರಲ್ಲೊಬ್ಬರೆಂದು ಎಣಿಸುತ್ತಾರೆ. ಅದೇ ಬೆಂಗೆಲ್ ಬೈಬಲಿನ ಕೊನೆಯಲ್ಲಿರುವ 'ಪ್ರಕಟನೆ' ಗ್ರಂಥದ ಸಂಖ್ಯೆಗಳನ್ನು ಲೆಕ್ಕಹಾಕಿ, 1836ರಲ್ಲಿ ದುಷ್ಟಶಕ್ತಿಯ ಪತನವಾಗಿ ಸಾವಿರ ವರ್ಷಗಳ ಹೊಸ ಯುಗ ಆರಂಭವಾಗುವುದೆಂದು ಬರೆದಿಟ್ಟಿದ್ದರು. ವ್ಯೂರ್ಟೆಂಬರ್ಗಿನ ಅನೇಕ ಮನೆಗಳಲ್ಲಿ ಈ ನಿರೀಕ್ಷೆಯನ್ನು ಹೊತ್ತೇ ಒಂದು ತಲೆಮಾರು ಬೆಳೆಯಿತು; ಕೆಲವರು ಊರು ಬಿಟ್ಟು ರಷ್ಯದ ಕಡೆಗೆ ವಲಸೆ ಹೋದದ್ದೂ ಉಂಟು. 1836 ಬಂತು, ಹೋಯಿತು. ಅದೇ ವರ್ಷ ಮೋಗ್ಲಿಂಗ್ ಭಾರತಕ್ಕೆ ಬಂದರು. ಹುಬ್ಬಳ್ಳಿಯ ಬಯಲಿನಲ್ಲಿ ಆಗ ಎದುರುಬದುರಾದದ್ದು ವಿಚಾರವಂತ ಪಶ್ಚಿಮವೂ ಮೂಢ ಪೂರ್ವವೂ ಅಲ್ಲ, ಎರಡು ಕಾಲಜ್ಞಾನಗಳು. ಒಂದು ತನ್ನ ಲೆಕ್ಕ ತಪ್ಪಿದ ಮೇಲೂ ಗ್ರಂಥವನ್ನು ಬಿಡದ ಜನರದು. ಇನ್ನೊಂದು ಲೆಕ್ಕವನ್ನು ಕಾಲಕಾಲಕ್ಕೆ ಹೊಂದಿಸಿಕೊಳ್ಳುತ್ತ ಬಂದ ಜನರದು. ಬೆಂಗೆಲ್ಲರ ಲೆಕ್ಕ ಕೈಕೊಟ್ಟಾಗ ಅವರ ನಾಡಿನವರು ಬೈಬಲನ್ನು ಎಸೆಯಲಿಲ್ಲ, ಲೆಕ್ಕವನ್ನು ಎಸೆದರು. ಕಾಲಜ್ಞಾನಿಗಳೂ ತಮ್ಮ ಓಲೆಯನ್ನು ಎಸೆಯಲಿಲ್ಲ, ಜರ್ಮನ್ ಪಾದ್ರಿಗಳಿಗೆ ಹಚ್ಚಿದ್ದ ಅರ್ಥವನ್ನು ಎಸೆದರು. ಎರಡೂ ಕಡೆ ಪ್ರಮಾಣ ಉಳಿಯಿತು, ವ್ಯಾಖ್ಯಾನ ಬಿತ್ತು. ಟಿಪ್ಪಣಿಯಿಲ್ಲದ ಗ್ರಂಥವೊಂದೇ ಸಾಕೆಂಬ ನಿಯಮವನ್ನು ಈ ಹಿನ್ನೆಲೆಯಲ್ಲಿ ಓದಿದರೆ ಅದು ಎಷ್ಟು ಕೃತಕವೆಂಬುದು ತಿಳಿಯುತ್ತದೆ.

ಈ ಹಿನ್ನಡೆಯ ನಂತರದ ಹತ್ತು ವರ್ಷಗಳಲ್ಲಿ ನಡೆದದ್ದು ಕನ್ನಡ ಸಾಹಿತ್ಯಚರಿತ್ರೆಗೆ ಸೇರಿದೆ. ನೀಲಗಿರಿಯಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರರ ಹಣದಿಂದ, ಮೋಗ್ಲಿಂಗ್ ಮತ್ತು ವೈಗ್ಲೆಯವರ ದುಡಿಮೆಯಿಂದ 1848ರಲ್ಲಿ 'ಬಿಬ್ಲಿಯೊಥಿಕಾ ಕರ್ನಾಟಿಕಾ' ಮಾಲೆ ಆರಂಭವಾಯಿತು. ಜೈಮಿನಿ ಭಾರತ, ದಾಸರ ಪದಗಳು, ಬಸವಪುರಾಣ, ಚನ್ನಬಸವಪುರಾಣಗಳು ಕಲ್ಲಚ್ಚಿನಲ್ಲಿ ಹೊರಬಂದವು. ವೈಗ್ಲೆಯವರು ಅದೇ 1848ರಲ್ಲಿ ಜರ್ಮನ್ ಪೌರಸ್ತ್ಯ ಸಂಘದ ಪತ್ರಿಕೆಯಲ್ಲಿ ಕನ್ನಡ ಭಾಷೆ ಮತ್ತು ಸಾಹಿತ್ಯಗಳ ಬಗ್ಗೆ ಲೇಖನ ಬರೆದರು. ಸತ್ಯವೇದವನ್ನು ಹಂಚಲು ಬಂದವರು ಬಸವಪುರಾಣವನ್ನು ಅಚ್ಚುಹಾಕಿದ್ದೇಕೆ? ಭಾಷೆ ಕಲಿಯುವುದಕ್ಕೆ ಎಂಬ ಉತ್ತರ ಸರಿಯೇ, ಪೂರ್ಣವಲ್ಲ. ಲಿಂಗಾಯತರೊಡನೆ ವಾದಿಸಬೇಕಾದರೆ ಅವರು ಪ್ರಮಾಣವೆಂದು ಭಾವಿಸುವ ಪಠ್ಯ ಕೈಯಲ್ಲಿರಬೇಕು. ಬೈಬಲಿನ ಕನ್ನಡಕ್ಕೆ ಗಾಂಭೀರ್ಯ ಬರಬೇಕಾದರೆ ಜನರ ಕಿವಿಗೆ ಒಗ್ಗಿದ ಪವಿತ್ರ ಗ್ರಂಥಗಳ ಕನ್ನಡವನ್ನು ಕಲಿಯಬೇಕು. ಪಾಠಾಂತರಗಳನ್ನು ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸುವ ಶಿಸ್ತು ಅವರಿಗೆ ಬೆಂಗೆಲ್ಲರ ನಾಡಿನಿಂದ ಬಂದದ್ದು. ದೇವರ ವಾಕ್ಯದ ಒಂದು ಅಕ್ಷರವೂ ತಪ್ಪಬಾರದೆಂಬ ಭಯದಿಂದ ಹುಟ್ಟಿದ ಶಿಸ್ತು ಕನ್ನಡ ಕಾವ್ಯಗಳ ಕಡೆಗೆ ತಿರುಗಿತು. 1872ರಲ್ಲಿ 'ಶಬ್ದಮಣಿದರ್ಪಣ'ವನ್ನು, 1875ರಲ್ಲಿ 'ಛಂದೋಂಬುಧಿ'ಯನ್ನು ಸಂಪಾದಿಸಿ 1894ರಲ್ಲಿ ನಿಘಂಟನ್ನು ಕೊಟ್ಟ ಕಿಟೆಲ್ಲರ ಕೆಲಸವನ್ನೂ ಈ ಸಾಲಿನಲ್ಲಿಟ್ಟು ನೋಡಬೇಕು.

ಇಷ್ಟಾದರೂ ಸಭೆಗಳು ಕಟ್ಟಲ್ಪಟ್ಟವು. ಅವು ನಿಂತದ್ದು ಯಾವುದರ ಮೇಲೆ? ಗ್ರಂಥ ಓದಿ ಒಪ್ಪಿದವರ ಪ್ರಸಿದ್ಧ ಉದಾಹರಣೆ ಮಂಗಳೂರಿನ ಆನಂದರಾವ್ ಕೌಂಡಿನ್ಯ. ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಈ ಸಾರಸ್ವತ ತರುಣ 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದಾಗ ಊರೇ ಕಲಕಿಹೋಯಿತು. ಹೆರ್ಮನ್ ಎಂಬ ಮೋಗ್ಲಿಂಗರ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡು, ಬಾಸೆಲ್ಲಿಗೆ ಹೋಗಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಮರಳಿದವರು ಅವರು. ಇಂಥವರು ಕೆಲವೇ ಮಂದಿ. ಗುರುವಿನ ಹೆಸರನ್ನು ಶಿಷ್ಯ ಪಡೆಯುವ ಈ ಕ್ರಮದಲ್ಲಿ, 'ಗ್ರಂಥವೊಂದೇ' ಎಂಬ ತತ್ತ್ವದ ಬಾಗಿಲ ಹಿಂದಿನಿಂದ ಗುರುತತ್ತ್ವ ಒಳಗೆ ಬಂದುಬಿಟ್ಟಿರುವುದನ್ನು ಕಾಣಬಹುದು.

ಬಹುಪಾಲು ಜನರ ವಿಷಯ ಬೇರೆ. ಬಾಸೆಲ್ ಮಿಷನ್ ಜಾತಿಯ ವಿಷಯದಲ್ಲಿ ಕಟ್ಟುನಿಟ್ಟಾಗಿತ್ತು. ಸಭೆಗೆ ಸೇರುವವನು ಜಾತಿಯನ್ನು ಬಿಟ್ಟು ಬರಬೇಕು. ಇದಕ್ಕೆ ಬೈಬಲೇ ಆಧಾರವೆಂದು ಮಿಷನ್ ಹೇಳಿತು. ಜಾತಿ ಬಿಟ್ಟವನಿಗೆ ಮನೆ, ಕಸುಬು, ಹೆಣ್ಣುಕೊಡುವ ಬಂಧುಗಳು ಎಲ್ಲವೂ ಹೋಗುತ್ತಿದ್ದವು. ಗ್ರಂಥದ ಒಂದು ಬೋಧನೆಯನ್ನು ಪಾಲಿಸಿದ್ದರ ಬೆಲೆಯನ್ನು ತೆರಲು ನೇಯ್ಗೆಯ ಕಾರ್ಖಾನೆಗಳು ಬಂದವು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಬಂತು. ಮಂಗಳೂರು ಹೆಂಚು ಇಂದಿಗೂ ಮಲೆನಾಡಿನ ಮನೆಗಳ ಮೇಲಿದೆ. ಅದರ ಮೂಲದಲ್ಲಿ ಜಾತಿಭ್ರಷ್ಟರಾದವರ ಹೊಟ್ಟೆಪಾಡಿನ ಪ್ರಶ್ನೆಯಿದೆ. ಕೊಡಗಿನಲ್ಲಿ ಮೋಗ್ಲಿಂಗ್ 1850ರ ದಶಕದಲ್ಲಿ ಆನಂದಪುರವನ್ನು ಕಟ್ಟಿದಾಗ ಅಲ್ಲಿಗೆ ಬಂದವರು ಮುಖ್ಯವಾಗಿ ಒಡೆಯರ ಜಮೀನುಗಳಲ್ಲಿ ದುಡಿಯುತ್ತಿದ್ದ ಹೊಲೆಯರು. ಅಕ್ಷರವೇ ದಕ್ಕದಿದ್ದ ಇವರಿಗೆ ಬೈಬಲಿನ ಪ್ರಾಮಾಣ್ಯ ಮೊದಲು ಗೊತ್ತಾದದ್ದು ಪುಟಗಳಿಂದಲ್ಲ. ತಮ್ಮನ್ನು ಕೂಡ ಕೂರಿಸಿ ಓದು ಕಲಿಸುವ ಪುಸ್ತಕವೊಂದು ಇದೆ ಎಂಬ ಅನುಭವದಿಂದ ಅದು ಗೊತ್ತಾಯಿತು. ಬೇರೆ ಯಾವ ಪ್ರಮಾಣಗ್ರಂಥವೂ ಅವರ ಕೈಗೆ ಕೊಡಲ್ಪಟ್ಟಿರಲಿಲ್ಲ ಎಂಬುದನ್ನು ಮರೆತು, ಅವರು ಗ್ರಂಥವನ್ನು ತಿಳಿದು ಒಪ್ಪಿದರೋ ಅನ್ನಕ್ಕಾಗಿ ಒಪ್ಪಿದರೋ ಎಂದು ಕೇಳುವುದರಲ್ಲಿ ನ್ಯಾಯವಿಲ್ಲ. ಮೇಲ್ಜಾತಿಯ ಕೌಂಡಿನ್ಯರಿಗೆ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಟಿಪ್ಪಣಿಯಿಲ್ಲದ ಗ್ರಂಥಕ್ಕೆ ಹೀಗೆ ಕ್ರಮೇಣ ಟೀಕೆಗಳು ಒದಗಿದವು. ಊರೂರು ತಿರುಗುವ ಉಪದೇಶಿ ಅದರ ಮೊದಲ ಟೀಕೆ. ಪ್ರಶ್ನೋತ್ತರದ ಪುಸ್ತಕ, ಸಂಗೀತಗಳು, ಶಾಲೆಯ ಪಾಠ ಇವು ನಂತರದವು. ಕಿಟೆಲ್ 1862ರಲ್ಲಿ ಪ್ರಕಟಿಸಿದ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಜೀವನವನ್ನು ಕನ್ನಡ ಕಾವ್ಯದ ಛಂದಸ್ಸಿಗೆ ಇಳಿಸಿದರು. ಗ್ರಂಥವನ್ನು ವಾಚಿಸಿ ಕೇಳಿಸಬೇಕಾದ ನಾಡಿನಲ್ಲಿ ತಾವಿದ್ದೇವೆಂಬುದು ಅಷ್ಟು ಹೊತ್ತಿಗೆ ಅವರಿಗೆ ಮನವರಿಕೆಯಾಗಿತ್ತು. ಯುರೋಪಿನ ರಾಗಗಳಿಗೆ ಕನ್ನಡ ಪದಗಳನ್ನು ಹೊಂದಿಸಿ ಹಾಡಿಸುವ ರೂಢಿಯೇ ಸಭೆಗಳಲ್ಲಿ ಹೆಚ್ಚು ಬಾಳಿತಾದರೂ 'ಕಥಾಮಾಲೆ'ಯ ಪ್ರಯತ್ನ ಇನ್ನೊಂದು ದಾರಿ ಇತ್ತೆಂಬುದನ್ನು ತೋರಿಸುತ್ತದೆ.

ಕೊನೆಯದಾಗಿ, ಮಿಷನ್ನಿನ ಹಿಡಿತಕ್ಕೆ ಸಿಗದ ಒಂದು ಬೈಬಲಿನ ವಿಷಯವನ್ನು ಹೇಳಬೇಕು. ನವಲಗುಂದದ ಅಜಾತ ನಾಗಲಿಂಗಸ್ವಾಮಿಗಳು ಶಿಶುನಾಳ ಷರೀಫರ ಕಾಲದವರು. ಅವರ ಮಠದಲ್ಲಿ ಒಂದು ಬೈಬಲ್ ಇದೆ. ಕ್ರೈಸ್ತ ಬೋಧಕರೊಡನೆ ನಡೆದ ಮುಖಾಮುಖಿಯಲ್ಲಿ ಸ್ವಾಮಿಗಳು ಆ ಪುಸ್ತಕಕ್ಕೆ ರಂಧ್ರ ಕೊರೆದರೆಂದೂ, ಆ ರಂಧ್ರ ಕಾಲಕ್ರಮದಲ್ಲಿ ತಾನಾಗಿಯೇ ಮುಚ್ಚಿಕೊಳ್ಳುತ್ತಿದೆಯೆಂದೂ ಭಕ್ತರ ಪ್ರತೀತಿ. ರಂಧ್ರ ಪೂರ್ತಿ ಮುಚ್ಚುವ ದಿನದ ಬಗ್ಗೆಯೂ ನಂಬಿಕೆಗಳಿವೆ. ಆ ಬೈಬಲಿಗೆ ಮಠದಲ್ಲಿ ಪೂಜೆ ಸಲ್ಲುತ್ತದೆ. ಯಾರೂ ಅದನ್ನು ಬಿಡಿಸಿ ಓದಿ ಮತಾಂತರಗೊಂಡಿಲ್ಲ, ಯಾರೂ ಅದನ್ನು ಹೊರಗೆ ಎಸೆದೂ ಇಲ್ಲ. ಹುಬ್ಬಳ್ಳಿಯ ಕಾಲಜ್ಞಾನಿಗಳು ಬೈಬಲಿಗೆ ತಮ್ಮ ಓಲೆಯಲ್ಲಿ ಜಾಗ ಮಾಡಿಕೊಟ್ಟರು. ನವಲಗುಂದದ ಭಕ್ತರು ಬೈಬಲನ್ನೇ ಒಂದು ಕಾಲಜ್ಞಾನದ ಓಲೆಯಾಗಿ ಮಾಡಿಕೊಂಡರು. ಅದರಲ್ಲಿ ಅಚ್ಚಾದ ಅಕ್ಷರಗಳಿಗಿಂತ ಅಕ್ಷರಗಳ ನಡುವೆ ಸ್ವಾಮಿಗಳು ಮಾಡಿದ ತೂತನ್ನು ಜನ ಇಂದಿಗೂ ಓದುತ್ತಿದ್ದಾರೆ.